ಕೊಪ್ಪರಿಗೆಯಿಂದ ಎದ್ದ ನೇರಳೆ ಹೊಗೆ

1811ರಲ್ಲಿ ಪ್ಯಾರಿಸ್ಸಿನ ಬರ್ನಾರ್ಡ್ ಕೂರ್ತ್ವಾ ಬೂದಿ ಹುಡುಕುತ್ತಿದ್ದ. ನೆಪೋಲಿಯನ್ನನ ಯುದ್ಧಗಳಿಗೆ ಸಿಡಿಮದ್ದು ಎಷ್ಟಿದ್ದರೂ ಸಾಲದು. ಮದ್ದಿಗೆ ಪೆಟ್ಲುಪ್ಪು ಬೇಕು. ಬಿಹಾರ, ಬಂಗಾಳಗಳ ಪೆಟ್ಲುಪ್ಪು ಶತ್ರುಗಳಾದ ಇಂಗ್ಲಿಷರ ಕೈಯಲ್ಲಿತ್ತು. ಫ್ರೆಂಚರು ತಮ್ಮಲ್ಲೇ ತಯಾರಿಸೋಣವೆಂದರೆ ಅದಕ್ಕೆ ಬೇಕಾದ ಕಟ್ಟಿಗೆ ಬೂದಿಗೂ ಬರ ಬಂತು. ಅಪ್ಪನಿಂದ ಪೆಟ್ಲುಪ್ಪಿನ ಕಸುಬು ಕಲಿತ ಕೂರ್ತ್ವಾ ನಾರ್ಮಂಡಿ, ಬ್ರಿಟನಿ ತೀರಗಳಲ್ಲಿ ಸುಡುತ್ತಿದ್ದ ಕಡಲಕಳೆಯ ಬೂದಿಗೆ ಕೈಹಾಕಿದ.

ಹೊಸ ಬೂದಿ ಹೊಸ ತಲೆನೋವನ್ನೂ ತಂದಿತು. ಅದನ್ನು ಕದಡಿದ ನೀರು ತಾಮ್ರದ ಕೊಪ್ಪರಿಗೆಗಳನ್ನೇ ಕೊರೆಯತೊಡಗಿತು. ತಳಕ್ಕೆ ಅಂಟಿದ ಗಷ್ಟನ್ನು ಗಂಧಕಾಮ್ಲ ಸುರಿದು ತೊಳೆಯಬೇಕಿತ್ತು. ಒಂದು ದಿನ ಆಮ್ಲ ಕೊಂಚ ಹೆಚ್ಚೇ ಬಿತ್ತು. ಕೊಪ್ಪರಿಗೆಯಿಂದ ದಟ್ಟ ನೇರಳೆ ಹೊಗೆ ಎದ್ದಿತು, ಕ್ಲೋರಿನ್ನಿನಂಥ ಘಾಟು ಮೂಗಿಗೆ ಅಡರಿತು. ತಣ್ಣನೆಯ ಜಾಗ ತಗಲಿದ್ದೇ ತಡ, ಹೊಗೆ ದ್ರವವಾಗದೆ ನೇರವಾಗಿ ಕಪ್ಪು ಹೊಳಪಿನ ಹರಳಾಯಿತು. ಬೆಕ್ಕೊಂದು ಹಾರಿ ಆಮ್ಲದ ಸೀಸೆ ಉರುಳಿಸಿತೆಂಬ ಕತೆಯೂ ಉಂಟು. ಕೇಳಲು ಸೊಗಸು, ನಂಬಲು ಕಷ್ಟ.

ಕೂರ್ತ್ವಾ ಹರಳುಗಳ ಬೆನ್ನು ಬಿಡಲಿಲ್ಲ. ಅವು ರಂಜಕದೊಡನೆ ಸೇರಿದವು, ಆಮ್ಲಜನಕದೊಡನೆ ಸುಲಭಕ್ಕೆ ಸೇರಲಿಲ್ಲ, ಅಮೋನಿಯದೊಡನೆ ಸೇರಿ ಮುಟ್ಟಿದರೆ ಸಿಡಿಯುವ ವಸ್ತುವಾದವು. ಇದು ಹೊಸ ಮೂಲವಸ್ತುವೇ ಇರಬೇಕೆಂಬ ಗುಮಾನಿ ಅವನಿಗಿತ್ತು. ಆದರೆ ಪ್ರಯೋಗ ಮುಂದುವರಿಸಲು ಕೈಯಲ್ಲಿ ಕಾಸಿರಲಿಲ್ಲ. ಹರಳುಗಳನ್ನು ಗೆಳೆಯರಾದ ಕ್ಲೆಮಾನ್, ದೆಸೋರ್ಮರಿಗೆ ಕೊಟ್ಟುಬಿಟ್ಟ.

ಅವರು ಅವನ್ನು ಪ್ಯಾರಿಸ್ಸಿನ ವಿದ್ವತ್ಸಭೆಯ ಮುಂದಿಟ್ಟಾಗ 1813ರ ನವೆಂಬರ್ 29. ಅಷ್ಟರಲ್ಲಿ, ಯುದ್ಧದ ನಡುವೆಯೂ ನೆಪೋಲಿಯನ್ನನ ವಿಶೇಷ ರಹದಾರಿ ಪಡೆದು ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ ಪ್ಯಾರಿಸ್ಸಿಗೆ ಬಂದಿಳಿದಿದ್ದ. ಜೊತೆಗೆ ಸಹಾಯಕನಾಗಿ ತರುಣ ಮೈಕೆಲ್ ಫ್ಯಾರಡೆ. ಫ್ರೆಂಚ್ ವಿಜ್ಞಾನಿ ಆಂಪೇರ್ ಒಂದಿಷ್ಟು ಹರಳನ್ನು ಡೇವಿಯ ಕೈಗಿತ್ತ. ಡೇವಿ ಜೊತೆಗೆ ತಂದಿದ್ದ ಸಣ್ಣ ಪೆಟ್ಟಿಗೆಯ ಸಾಮಾನಿನಲ್ಲೇ ಪರೀಕ್ಷೆಗೆ ಕುಳಿತ. ಸುದ್ದಿ ತಿಳಿದು ಫ್ರೆಂಚ್ ರಸಾಯನಶಾಸ್ತ್ರಜ್ಞ ಗೇ-ಲೂಸಾಕ್ ಹೌಹಾರಿದ: ಫ್ರಾನ್ಸಿನ ಶೋಧ ಪರದೇಶಿಯ ಪಾಲಾಗುವುದೆ! ಹಗಲಿರುಳು ದುಡಿದು ಡಿಸೆಂಬರ್ 6ರಂದು ತನ್ನ ವರದಿ ಮಂಡಿಸಿದ. ಡೇವಿಯ ಪತ್ರ 10ರಂದು ಲಂಡನ್ನಿಗೆ ಹೊರಟಿತು. ಯಾರು ಮೊದಲೆಂಬ ಜಗಳ ವರ್ಷಗಟ್ಟಲೆ ನಡೆದರೂ ಹರಳು ಮೊದಲು ಕಂಡವನು ಕೂರ್ತ್ವಾ ಎಂಬುದನ್ನು ಇಬ್ಬರೂ ಅಲ್ಲಗಳೆಯಲಿಲ್ಲ. ಹೊಸ ಮೂಲವಸ್ತು ಅಯೋಡಿನ್ ಆಗಿತ್ತು.

ಯುದ್ಧ ಮುಗಿದು ಭಾರತದ ಅಗ್ಗದ ಪೆಟ್ಲುಪ್ಪು ಬಂದಾಗ ಕೂರ್ತ್ವಾನ ಕಸುಬು ನೆಲಕಚ್ಚಿತು. ಅಯೋಡಿನ್ ಮಾರಾಟವೂ ಕೈಹಿಡಿಯಲಿಲ್ಲ. 1831ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿ 6,000 ಫ್ರಾಂಕ್ ಬಹುಮಾನ ಕೊಟ್ಟಿತು; 1838ರಲ್ಲಿ ಅವನು ಬಡವನಾಗಿಯೇ ಸತ್ತ.

ಕಡಲಕಳೆ ಅಯೋಡಿನ್ನನ್ನು ಯಾಕೆ ಕೂಡಿಡುತ್ತದೆಂಬ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. 2008ರಲ್ಲಿ ವಿಜ್ಞಾನಿ ಫ್ರಿತ್ಯೋಫ್ ಕ್ಯೂಪರ್ ಮತ್ತು ಸಂಗಡಿಗರು ಲ್ಯಾಮಿನೇರಿಯ ಎಂಬ ಕಂದು ಕಡಲಕಳೆಯನ್ನು ಕ್ಷ-ಕಿರಣಗಳಿಂದ ಶೋಧಿಸಿ ಉತ್ತರ ಕಂಡರು. ಅದು ಅಯೋಡಿನ್ನನ್ನು ಅಯೋಡೈಡ್ ರೂಪದಲ್ಲಿ ಶೇಖರಿಸುತ್ತದೆ. ಇಳಿತದ ವೇಳೆ ನೀರು ಸರಿದು ಬಿಸಿಲುಗಾಳಿಗೆ ಸಿಕ್ಕಾಗ ಅಯೋಡೈಡ್ ಹೊರಸೂಸಿ ಓಜೋನಿನಂಥ ಆಕ್ರಮಣಕಾರಿ ಆಮ್ಲಜನಕ ರೂಪಗಳನ್ನು ತಣಿಸುತ್ತದೆ. ಜೀವಿಯೊಂದರಲ್ಲಿ ಗುರುತಿಸಲಾದ ಮೊದಲ ಅಜೈವಿಕ ಆಂಟಿಆಕ್ಸಿಡೆಂಟ್ ಅದೇ.