ಬೋಟಿನ ಇಂಜಿನು ಕಾದರೆ ಎಲ್ಲಿಂದ ನೋಡಬೇಕು?



ಕಬ್ಬು ಬೆಳೆಗಾರರ ಪತ್ರಿಕೆಯಲ್ಲಿ ಬೋಟಿನ ಇಂಜಿನಿನ ವಿಚಾರವೇಕೆ ಎಂದು ತಾವು ಕೇಳಬಹುದು. ಹೊಳೆಯ ದಡದಲ್ಲಿ ನಿಂತು ಕಬ್ಬಿಗೆ ನೀರೆತ್ತುವ ಡೀಸೆಲ್ ಇಂಜಿನಿಗೂ ಉಪ್ಪಳದ ಕಡಲಿನಲ್ಲಿ ಬಲೆ ಎಳೆಯುವ ಬೋಟಿನ ಇಂಜಿನಿಗೂ ಗುಣ ಒಂದೇ. ಎರಡೂ ನೀರಿನಿಂದ ತಣ್ಣಗಿರುವಂಥವು. ನೀರು ತಪ್ಪಿದರೆ ಎರಡೂ ಕೆಡುವಂಥವು. ಗದ್ದೆಯಲ್ಲಿ ಇಂಜಿನು ನಿಂತರೆ ಒಂದು ದಿನದ ನೀರು ತಪ್ಪೀತು. ಅಳಿವೆಯಲ್ಲಿ ನಿಂತರೆ ಬೋಟಿನಲ್ಲಿದ್ದವರ ಜೀವಕ್ಕೇ ಬರುತ್ತದೆ.

ಉಪ್ಪಳ ಹೊಳೆ ಕಡಲು ಸೇರುವ ಮೂಸೋಡಿಯ ಕಡೆಯನ್ನು ನೆನೆದುಕೊಳ್ಳಿ. 2020ರಲ್ಲಿ ಮಂಜೇಶ್ವರ ಬಂದರು ಉದ್ಘಾಟನೆಯಾದ ಮೇಲೆ ಅಲ್ಲಿ ಕಲ್ಲಿನ ತಡೆಗೋಡೆಗಳ ನಡುವೆ ಬೋಟು ಒಳಬರುತ್ತದೆ. ಸಂಜೆಯ ಹೊತ್ತು, ಮೀನು ತುಂಬಿದೆ, ಹಿಂದಿನಿಂದ ಅಲೆ ಏಳುತ್ತಿದೆ. ಆಗ ಉಷ್ಣಮಾಪಕದ ಮುಳ್ಳು ಮೇಲೇರಿತೆನ್ನಿ. "ಇನ್ನು ಹತ್ತು ನಿಮಿಷ, ದಡ ಸೇರಿಬಿಡೋಣ" ಎಂದು ಓಡಿಸುವುದೇ ದೊಡ್ಡ ತಪ್ಪು. ಕಾದ ಪಿಸ್ಟನ್ನು ಸಿಲಿಂಡರಿನೊಳಗೆ ಹಿಡಿದುಕೊಂಡಿತೆಂದರೆ ಅಲೆಯ ಮಧ್ಯದಲ್ಲಿ ಬೋಟಿಗೆ ಶಕ್ತಿಯೂ ಇಲ್ಲ, ಹಿಡಿತವೂ ಇಲ್ಲ, ಪಕ್ಕದಲ್ಲೇ ಬಂಡೆಕಲ್ಲು. ಅಳಿವೆಗೆ ಇನ್ನೂ ಹೊರಗಿದ್ದೀರಾದರೆ ಅಲ್ಲಿಯೇ ವೇಗ ಇಳಿಸಿ, ಗೇರು ಬಿಡಿಸಿ, ಲಂಗರು ಹಾಕಿ. ಆಮೇಲೆ ಹಿಂಬದಿಗೆ ಹೋಗಿ ಹೊಗೆಕೊಳವೆಯನ್ನು ನೋಡಿ.

ಅಲ್ಲಿ ಹೊಗೆಯೊಡನೆ ಕಡಲ ನೀರು ಎಂದಿನಂತೆ ಉಗುಳುತ್ತಿದ್ದರೆ, ಎಣ್ಣೆಯ ಒತ್ತಡವೂ ಸರಿಯಿದ್ದರೆ, ಕೆಲವು ನಿಮಿಷ ನಿಧಾನಗತಿಯಲ್ಲಿ ಓಡಲಿ. ತಟ್ಟನೆ ನಿಲ್ಲಿಸಿದರೆ ಹೆಡ್ಡಿನಲ್ಲಿ ನೀರು ನಿಂತಲ್ಲೇ ಕುದಿಯುತ್ತದೆ. ನೀರು ಬರದೆ ಬರೀ ಬಿಳಿ ಆವಿ ಬರುತ್ತಿದ್ದರೆ, ಅಥವಾ ಎಣ್ಣೆಯ ಒತ್ತಡ ಇಳಿಯುತ್ತಿದ್ದರೆ ಕೂಡಲೇ ನಿಲ್ಲಿಸತಕ್ಕದ್ದು. ಕಾದ ಇಂಜಿನಿನ ನೀರಿನ ಮುಚ್ಚಳ ತೆಗೆಯಲೇಬಾರದು. ಒತ್ತಡದಲ್ಲಿರುವ ನೀರು ಮುಖಕ್ಕೆ ಚಿಮ್ಮುತ್ತದೆ. ಕಾದ ಕಬ್ಬಿಣದ ಮೇಲೆ ತಣ್ಣೀರು ಸುರಿದರೆ ಹೆಡ್ಡು ಬಿರಿಯುತ್ತದೆ.

ದೋಷ ಹುಡುಕುವ ಮೊದಲು ನೀರಿನ ದಾರಿಯನ್ನು ತಿಳಿದಿರಬೇಕು. ಸುಟ್ಟ ಡೀಸೆಲಿನ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆ. ಉಳಿದದ್ದರಲ್ಲಿ ಒಂದು ಪಾಲು ಹೊಗೆಯಲ್ಲಿ ಹೋದರೆ ಇನ್ನೊಂದನ್ನು ನೀರೇ ಹೊತ್ತೊಯ್ಯಬೇಕು. ಕೆಲವು ಇಂಜಿನುಗಳಲ್ಲಿ ಕಡಲ ನೀರೇ ನೇರವಾಗಿ ಸುತ್ತುತ್ತದೆ. ಹೆಚ್ಚಿನ ದೊಡ್ಡ ಇಂಜಿನುಗಳಲ್ಲಿ ಒಳಗೆ ಸಿಹಿನೀರು ಸುತ್ತುತ್ತದೆ; ಕೂಲರಿನ ಸಣ್ಣ ಕೊಳವೆಗಳ ಮೂಲಕ ಹರಿಯುವ ಕಡಲ ನೀರು ಅದರ ಶಾಖವನ್ನು ಎಳೆದುಕೊಂಡು ಹೊಗೆಯೊಡನೆ ಹೊರಬೀಳುತ್ತದೆ.

ಹುಡುಕುವುದು ಹೊರಗಿನಿಂದ ಒಳಕ್ಕೆ. ತಳದ ವಾಲ್ವು ತೆರೆದಿದೆಯೇ? ಬಾಯಿಗೆ ಪ್ಲಾಸ್ಟಿಕ್ ಚೀಲ ಅಂಟಿದೆಯೇ? ಜಾಲರಿಯಲ್ಲಿ ಹೊಯಿಗೆ, ಕೆಸರು, ಚಿಪ್ಪು ತುಂಬಿದೆಯೇ? ಅಳಿವೆ ದಾಟುವಾಗ ತಳ ಕಲಕುವುದರಿಂದ ಈ ಕಡೆಯ ಬೋಟುಗಳಿಗೆ ಇದು ಮೊದಲನೆಯ ಸಂಶಯ. ಜಾಲರಿ ತೊಳೆದರೆ ಅರ್ಧ ಪಾಲು ದೂರುಗಳು ಅಲ್ಲಿಗೇ ಮುಗಿಯುತ್ತವೆ ಎಂದು ನನ್ನ ಅಭಿಪ್ರಾಯ.

ಅಲ್ಲಿ ತಪ್ಪಿಲ್ಲದಿದ್ದರೆ ಕಡಲ ನೀರಿನ ಪಂಪನ್ನು ಬಿಚ್ಚಿರಿ. ಹಲವು ಪಂಪುಗಳಲ್ಲಿ ರಬ್ಬರಿನ ರೆಕ್ಕೆಗಳಿರುವ ಚಕ್ರವೊಂದಿದೆ. ಅದಕ್ಕೆ ನೀರೇ ಎಣ್ಣೆ. ಒಣಗಿ ಓಡಿದರೆ ನಿಮಿಷದ ಲೆಕ್ಕದಲ್ಲಿ ರೆಕ್ಕೆಗಳು ಸುಟ್ಟು ಹರಿಯುತ್ತವೆ. ಇಲ್ಲಿ ಒಂದು ಎಚ್ಚರಿಕೆ: ಹೊಸ ಚಕ್ರ ಹಾಕಿ ಕೆಲಸ ಮುಗಿಯಿತೆಂದುಕೊಳ್ಳಬೇಡಿ. ಹಳೆಯದರಲ್ಲಿ ಎರಡು ರೆಕ್ಕೆ ಕಾಣೆಯಾಗಿದ್ದರೆ ಆ ತುಂಡುಗಳು ಎಲ್ಲಿ ಹೋದವು? ನೀರಿನೊಡನೆ ಮುಂದಕ್ಕೆ ಹೋಗಿ ಕೂಲರಿನ ಬಾಯಲ್ಲಿ ಕುಳಿತಿರುತ್ತವೆ. ಎಣಿಸಿ ತೆಗೆಯಬೇಕು. ಹೊಸ ಚಕ್ರಕ್ಕೆ ಗ್ರೀಸು ಹಚ್ಚಿದರೆ ರಬ್ಬರು ಉಬ್ಬುತ್ತದೆ. ಸಾಬೂನು ನೀರು ಅಥವಾ ಗ್ಲಿಸರಿನ್ ಸಾಕು. ರೆಕ್ಕೆಗಳು ತಿರುಗುವ ದಿಕ್ಕಿಗೆ ಹಿಂದಾಗಿ ಬಾಗಿರಬೇಕು.

ಒಮ್ಮೆಲೇ ಕಾಯದೆ, ತಿಂಗಳಿಂದ ತಿಂಗಳಿಗೆ ಮುಳ್ಳು ಸ್ವಲ್ಪಸ್ವಲ್ಪವೇ ಮೇಲೇರುತ್ತಿದ್ದರೆ ಅದು ಕೂಲರಿನಲ್ಲಿ ಪದರು ಕಟ್ಟಿದ ಲಕ್ಷಣ. ಕಡಲ ನೀರು ಹೆಚ್ಚು ಬಿಸಿಯಾದಷ್ಟೂ ಅದರ ಲವಣ ಕಲ್ಲಿನಂತೆ ಅಂಟುತ್ತದೆ. ಆದುದರಿಂದಲೇ ಕಡಲ ನೀರು ನೇರ ಸುತ್ತುವ ಇಂಜಿನನ್ನು ಸುಮಾರು 60 ಡಿಗ್ರಿ ಸೆಲ್ಸಿಯಸ್ ಮೀರದಂತೆ ಇಡುತ್ತಾರೆ. ಸಿಹಿನೀರಿನದ್ದು ಸುಮಾರು 80 ಡಿಗ್ರಿಯಲ್ಲಿ ಓಡಬಹುದು. ಕೂಲರಿನ ಮುಚ್ಚಳ ತೆಗೆದು ಬಿದಿರಿನ ಕಡ್ಡಿಯಿಂದ ಕೊಳವೆಗಳನ್ನು ಒಂದೊಂದಾಗಿ ತಳ್ಳಿರಿ. ಕಬ್ಬಿಣದ ಸರಿಗೆ ಬೇಡ, ಕೊಳವೆ ಗೀರಿ ತೂತಾದೀತು. ಬಿಡದ ಪದರಿಗೆ ಅಂಗಡಿಯಲ್ಲಿ ನಿಂಬೆ ಉಪ್ಪೆಂದು ಸಿಗುವ ಸಿಟ್ರಿಕ್ ಆಮ್ಲವನ್ನು ಲೀಟರು ಬಿಸಿನೀರಿಗೆ 50ರಿಂದ 100 ಗ್ರಾಂ ಹಾಕಿ, ಕೊಳವೆಗಳ ಕಟ್ಟನ್ನು ನೆನೆಯಿಡಬಹುದು. ಗುಳ್ಳೆ ನಿಂತ ಮೇಲೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಅಲ್ಯುಮಿನಿಯಂ ಭಾಗಗಳಿಗೆ ಈ ಮದ್ದು ಆಗದು. ಕೂಲರಿನಲ್ಲಿ ಸತುವಿನ ಕಡ್ಡಿ ಇದ್ದರೆ ನೋಡಿ. ತಾಮ್ರದ ಬದಲು ತಾನು ಸವೆಯುವುದೇ ಅದರ ಕೆಲಸ. ಅರ್ಧ ಸವೆದರೆ ಬದಲಿಸಬೇಕು.

ಥರ್ಮೋಸ್ಟಾಟನ್ನು ಪರೀಕ್ಷಿಸುವುದು ಸುಲಭ: ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ತೂಗಬಿಟ್ಟು ಕಾಯಿಸಿ, ಅದರ ಮೇಲೆ ಬರೆದ ಡಿಗ್ರಿಗೆ ಬಾಯಿ ತೆರೆಯುತ್ತದೋ ನೋಡಿ. ಬೆಲ್ಟು ಸಡಿಲಾಗಿದ್ದರೆ ಬಿಗಿಮಾಡಿ. ನೀರಿನ ಹರಿವೆಲ್ಲ ಸರಿಯಿದ್ದು, ಕಪ್ಪು ಹೊಗೆಯೊಡನೆ ಕಾಯುತ್ತಿದ್ದರೆ ಇಂಜಿನಿಗೆ ಹೊರೆ ಹೆಚ್ಚಾಗಿದೆ. ಪಂಖಕ್ಕೆ ಬಲೆಯ ಹಗ್ಗ ಸುತ್ತಿರಬಹುದು. ಸಿಹಿನೀರಿನ ತೊಟ್ಟಿಯಲ್ಲಿ ಗುಳ್ಳೆ ನಿಲ್ಲದೆ ಬರುತ್ತಿದ್ದರೆ, ಅಥವಾ ಎಣ್ಣೆ ಹಾಲು ಬೆರೆತ ಚಹಾದಂತಾಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಥವಾ ಹೆಡ್ಡು ಬಿರಿದಿದೆ. ಅದನ್ನು ಬಲ್ಲ ಮೆಕ್ಯಾನಿಕನಿಗೇ ಬಿಡಿ.

ಇವನ್ನೆಲ್ಲ ಬಿಚ್ಚಿ ನೋಡಲು ಮಳೆಗಾಲವೇ ತಕ್ಕ ಸಮಯ. ಕೇರಳದಲ್ಲಿ 1988ರಲ್ಲಿ ಆರಂಭವಾದ ಮಳೆಗಾಲದ ಟ್ರಾಲಿಂಗ್ ನಿಷೇಧ ಈಗ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ, 52 ದಿನ. ಬೋಟು ಕಟ್ಟಿಹಾಕುವಾಗಲೇ ರಬ್ಬರು ಚಕ್ರವನ್ನು ಹೊರತೆಗೆದಿಟ್ಟರೆ ರೆಕ್ಕೆಗಳು ಬಾಗಿದಂತೆಯೇ ಜಡ್ಡುಗಟ್ಟುವುದಿಲ್ಲ. ಕಡಲಿಗಿಳಿಯುವಾಗ ಒಂದು ಹೆಚ್ಚಿನ ಚಕ್ರ, ಅದರ ಗ್ಯಾಸ್ಕೆಟ್, ಬೆಲ್ಟು, ಸ್ಪ್ಯಾನರು ಬೋಟಿನಲ್ಲಿರಲಿ.

ಇನ್ನು ತಮ್ಮ ಪಂಪಿನ ಇಂಜಿನು. ಪಂಪಿನ ಪೈಪಿನಿಂದ ಸಣ್ಣ ಕವಲು ತೆಗೆದು ಸಿಲಿಂಡರಿಗೆ ನೀರು ಕೊಟ್ಟಿದ್ದರೆ ಅದೂ ಬೋಟಿನ ಕಡಲ ನೀರಿನ ಏರ್ಪಾಡೇ. ಕವಲಿನ ಟ್ಯಾಪಿನಲ್ಲಿ ಪಾಚಿ, ಕೆಸರು ಕಟ್ಟುತ್ತದೆ. ಗಡಸು ನೀರಾದರೆ ಸಿಲಿಂಡರಿನ ಸುತ್ತ ಸುಣ್ಣದ ಪದರು ಬೆಳೆಯುತ್ತದೆ. ಹೊರಬರುವ ನೀರಿಗೆ ಕೈಯೊಡ್ಡಿ ನೋಡಿ. ಒಂದೆರಡು ಕ್ಷಣಕ್ಕಿಂತ ಹೆಚ್ಚು ತಾಳಲಾಗದಷ್ಟು ಬಿಸಿಯಿದ್ದರೆ ಸರಿ. ಆವಿ ಹಾರುತ್ತಿದ್ದರೆ ಟ್ಯಾಪನ್ನು ಹೆಚ್ಚು ತೆರೆಯಿರಿ. ತೀರ ತಣ್ಣಗಿದ್ದರೆ ಸ್ವಲ್ಪ ಮುಚ್ಚಿರಿ, ಅತಿಯಾಗಿ ತಣಿದ ಇಂಜಿನಿನಲ್ಲೂ ಸಿಲಿಂಡರು ಬೇಗ ಸವೆಯುತ್ತದೆ.