ರೋಗಿಯೂ ಗುರು

'ದೇಶ ಸುತ್ತು, ಕೋಶ ಓದು' ಎಂಬುದು ನಮ್ಮ ಹಿರಿಯರ ಮಾತು. ಅರಿವು ಪೂರ್ಣವಾಗಬೇಕಾದರೆ ಓದಿನೊಡನೆ ಅನುಭವವೂ ಕೂಡಬೇಕೆಂಬುದು ಇದರ ತಾತ್ಪರ್ಯ. ವೈದ್ಯವಿದ್ಯೆಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ವೈದ್ಯವಿದ್ಯಾರ್ಥಿಗಳಿಗೆ ಕೋಶಗಳ ಕೊರತೆಯಿಲ್ಲ. ಅವರು ಸುತ್ತಬೇಕಾದ ದೇಶವೆಂದರೆ ರೋಗಿಗಳಿರುವ ಆಸ್ಪತ್ರೆ. ಅಲ್ಲಿ ಕೆಲವೊಮ್ಮೆ ರೋಗಿಯೇ ಗುರುವಾಗುವುದುಂಟು.

ಕೆನಡಾದಲ್ಲಿ 1849ರಲ್ಲಿ ಜನಿಸಿದ ವಿಲಿಯಂ ಆಸ್ಲರ್ ಪ್ರಸಿದ್ಧ ವೈದ್ಯಗುರುಗಳು. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ವಿದ್ಯಾಲಯವು 1893ರಲ್ಲಿ ಆರಂಭವಾದಾಗ, ಅವರು ವಿದ್ಯಾರ್ಥಿಗಳನ್ನು ಉಪನ್ಯಾಸದ ಕೊಠಡಿಯಿಂದ ರೋಗಿಯ ಹಾಸಿಗೆಯ ಬಳಿಗೆ ಕರೆದೊಯ್ದರು. ಈ ಕ್ರಮ ಯುರೋಪಿನಲ್ಲಿ ಮೊದಲೇ ಇದ್ದರೂ, ಅದನ್ನು ವೈದ್ಯಶಿಕ್ಷಣದ ಆಧಾರಸ್ತಂಭವನ್ನಾಗಿ ಮಾಡಿದವರಲ್ಲಿ ಆಸ್ಲರರು ಅಗ್ರಗಣ್ಯರು.

ಆದರೆ ಎಲ್ಲ ರೋಗಗಳೂ ವಿದ್ಯಾರ್ಥಿಗಳ ಕಣ್ಣಿಗೆ ಬೀಳುವುದಿಲ್ಲ. ಹತ್ತು ಸಾವಿರ ಜನರಲ್ಲಿ ಐವರಿಗಿಂತ ಹೆಚ್ಚು ಮಂದಿಗೆ ಇಲ್ಲದ ರೋಗವನ್ನು ಯುರೋಪಿನಲ್ಲಿ 'ವಿರಳ ರೋಗ' ಎಂದು ಕರೆಯುತ್ತಾರೆ. ಇಂತಹ ರೋಗಗಳು ಆರು ಸಾವಿರಕ್ಕೂ ಹೆಚ್ಚಿವೆ; ಅವುಗಳಲ್ಲಿ ಬಹುಪಾಲು ಅನುವಂಶೀಯ ಕಾರಣಗಳಿಂದ ಉಂಟಾಗುವಂಥವು. ಒಂದೊಂದೂ ವಿರಳವಾದರೂ ಒಟ್ಟಿನಲ್ಲಿ ಅವುಗಳಿಂದ ಬಳಲುವವರು ಕೋಟಿಗಟ್ಟಲೆ. ಗೊರಸಿನ ಸದ್ದು ಕೇಳಿದರೆ ಕುದುರೆಯನ್ನು ನೆನೆಯಬೇಕೇ ಹೊರತು ಜೀಬ್ರಾವನ್ನಲ್ಲ ಎಂದು ಅಮೆರಿಕದ ವೈದ್ಯಗುರುಗಳು ಶಿಷ್ಯರಿಗೆ ಹೇಳುವುದುಂಟು. ಸಾಮಾನ್ಯ ರೋಗವನ್ನು ಮೊದಲು ಶಂಕಿಸಬೇಕೆಂಬ ಈ ಬುದ್ಧಿವಾದ ಸರಿಯೇ. ಆದರೆ ಜೀಬ್ರಾ ಎಂಬ ಪ್ರಾಣಿಯೂ ಲೋಕದಲ್ಲಿದೆಯಷ್ಟೆ! ಅದನ್ನು ಮರೆತಾಗ ರೋಗಿಯು ವೈದ್ಯರಿಂದ ವೈದ್ಯರಿಗೆ ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. 'ನಿನಗೇನೂ ಇಲ್ಲ, ಎಲ್ಲವೂ ಮನಸ್ಸಿನ ಭ್ರಮೆ' ಎಂಬ ಮಾತನ್ನೂ ಕೇಳಬೇಕಾಗುತ್ತದೆ. ಇಷ್ಟರಲ್ಲಿ ಚಿಕಿತ್ಸೆಯ ಸಕಾಲ ಮೀರಿಹೋಗಬಹುದು.

ಹಿಮೋಫಿಲಿಯಾ ಎಂಬ ಕುಸುಮರೋಗವನ್ನು ಉದಾಹರಣೆಯಾಗಿ ನೋಡೋಣ. ರಕ್ತ ಹೆಪ್ಪುಗಟ್ಟಲು ಅಗತ್ಯವಾದ ಒಂದು ಅಂಶದ ಕೊರತೆಯೇ ಇದಕ್ಕೆ ಕಾರಣ. ಇದರ ಮುಖ್ಯ ಪ್ರಭೇದವು ಸುಮಾರು ಐದು ಸಾವಿರ ಗಂಡು ಶಿಶುಗಳಲ್ಲಿ ಒಂದಕ್ಕೆ ಇರುತ್ತದೆ. ಗಾಯವಾದರೆ ರಕ್ತ ಬೇಗ ನಿಲ್ಲದೆಂಬುದು ಎಲ್ಲರೂ ಓದಿದ ಸಂಗತಿ. ಆದರೆ ಹೊರಗೆ ಕಾಣುವ ರಕ್ತಕ್ಕಿಂತ ಮೊಣಕಾಲು, ಮೊಣಕೈ ಮುಂತಾದ ಕೀಲುಗಳ ಒಳಗೆ ಸೋರುವ ರಕ್ತವೇ ಹೆಚ್ಚಾಗಿ ಬಾಧಿಸುತ್ತದೆ. ಹೀಗೆ ಮತ್ತೆ ಮತ್ತೆ ಸೋರಿದರೆ ಕೀಲು ಸವೆದು ಕಾಲು ಊನವಾಗಬಹುದು. ಬಾವು ಕಾಣಿಸುವ ಮೊದಲೇ ಕೀಲಿನಲ್ಲಿ ಜುಮುಜುಮು ಎನ್ನುವ, ಬಿಗಿದಂತಾಗುವ ಸೂಚನೆ ಅನೇಕ ರೋಗಿಗಳಿಗೆ ತಿಳಿಯುತ್ತದೆ. ಆ ಗಳಿಗೆಯಲ್ಲಿ ವೈದ್ಯರ ಕಣ್ಣಿಗೆ ಏನೂ ಕಾಣದು. ಕೊರತೆಯಾದ ಅಂಶವನ್ನು ಕೊಡಬೇಕಾದ ಸಮಯವಾದರೋ ಅದೇ. ರೋಗಿಯ ಮಾತನ್ನು ನಂಬಿದ ವೈದ್ಯರು ಕೀಲನ್ನು ಉಳಿಸುತ್ತಾರೆ. ಬಾವು ಬರಲೆಂದು ಕಾಯುವವರು ಅಮೂಲ್ಯವಾದ ವೇಳೆಯನ್ನು ಕಳೆಯುತ್ತಾರೆ. ಈ ಪಾಠವನ್ನು ಅನುಭವಿಸಿದವರ ಬಾಯಿಂದ ಕೇಳಿದ ವಿದ್ಯಾರ್ಥಿಯು ಎಂದಿಗೂ ಮರೆಯಲಾರನು.

ಇಂತಹ ರೋಗಿಗಳು ತಮ್ಮ ಅನುಭವವನ್ನು ಸಂಘಟಿತ ಶಕ್ತಿಯನ್ನಾಗಿಸಿದ್ದಾರೆ. ಸ್ವತಃ ಹಿಮೋಫಿಲಿಯಾದಿಂದ ಬಳಲುತ್ತಿದ್ದ ಫ್ರಾಂಕ್ ಶ್ನಾಬೆಲ್ ಅವರು 1963ರಲ್ಲಿ ವಿಶ್ವ ಹಿಮೋಫಿಲಿಯಾ ಒಕ್ಕೂಟವನ್ನು ಸ್ಥಾಪಿಸಿದರು. ಅವರ ಜನ್ಮದಿನವಾದ ಏಪ್ರಿಲ್ 17ನ್ನು 1989ರಿಂದ ವಿಶ್ವ ಹಿಮೋಫಿಲಿಯಾ ದಿನವನ್ನಾಗಿ ಆಚರಿಸಲಾಗುತ್ತಿದೆ. ಭಾರತದಲ್ಲಿ 1983ರಲ್ಲಿ ಇದೇ ರೋಗವಿದ್ದ ಅಶೋಕ್ ಬಹದ್ದೂರ್ ವರ್ಮಾ ಅವರು ಹಿಮೋಫಿಲಿಯಾ ಫೆಡರೇಷನ್ ಕಟ್ಟಿದರು. ನಮ್ಮ ದಾವಣಗೆರೆಯಲ್ಲಿಯೂ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಕಾರ್ಯನಿರತವಾಗಿದೆ.

ಅಮೆರಿಕದ ವೈದ್ಯ ಹೋವರ್ಡ್ ಬ್ಯಾರೋಸ್ 1963ರಲ್ಲಿ, ಆರೋಗ್ಯವಂತರಿಗೆ ರೋಗಿಯ ಪಾತ್ರವನ್ನು ಕಲಿಸಿ ವಿದ್ಯಾರ್ಥಿಗಳ ಮುಂದೆ ಕೂರಿಸುವ ಕ್ರಮವನ್ನು ಆರಂಭಿಸಿದರು. ಪ್ರಶ್ನಿಸುವ, ಪರೀಕ್ಷಿಸುವ ಕೌಶಲ ಇದರಿಂದ ಬೆಳೆಯುತ್ತದೆ. ಆದರೆ ಹೆಸರೇ ತಿಳಿಯದ ನೋವಿನೊಡನೆ ಕಳೆದ ವರ್ಷಗಳನ್ನು ಯಾವ ನಟನೂ ಅಭಿನಯಿಸಲಾರನು. ಆದ್ದರಿಂದಲೇ ಹಲವು ದೇಶಗಳ ವೈದ್ಯಶಾಲೆಗಳು ವಿರಳ ರೋಗಿಗಳನ್ನೂ ಅವರ ತಂದೆತಾಯಿಗಳನ್ನೂ ತರಗತಿಗೆ ಆಹ್ವಾನಿಸುತ್ತವೆ. ಭಾರತದಲ್ಲಿ 2019ರಿಂದ ಜಾರಿಗೆ ಬಂದ ವೈದ್ಯಕೀಯ ಪಠ್ಯಕ್ರಮದಲ್ಲಿಯೂ, ರೋಗಿಯಾಗಿರುವುದೆಂದರೆ ಏನೆಂಬುದನ್ನು ಅರಿಯುವ ಪಾಠವೊಂದು ಸೇರಿದೆ.

ಇಲ್ಲಿ ಎಚ್ಚರವೂ ಬೇಕು. ರೋಗಿಯು ಪ್ರದರ್ಶನದ ವಸ್ತುವಲ್ಲ. ಅವನ ಒಪ್ಪಿಗೆಯಿಲ್ಲದೆ ಅವನ ದೇಹವನ್ನಾಗಲಿ, ಕಥೆಯನ್ನಾಗಲಿ ಪಾಠಕ್ಕೆ ಬಳಸಬಾರದು. ಒಲ್ಲೆನೆಂದರೆ ಅವನ ಚಿಕಿತ್ಸೆಗೆ ಕುಂದು ಬರಬಾರದು. ಒಬ್ಬರ ಅನುಭವ ಎಲ್ಲರ ಅನುಭವವಲ್ಲವೆಂಬುದನ್ನೂ ನೆನಪಿಡಬೇಕು. ರೋಗಿಯ ಮಾತು ಶಾಸ್ತ್ರಕ್ಕೆ ಬದಲಿಯಲ್ಲ. ಶಾಸ್ತ್ರ ಎಲ್ಲಿ ನೋಡಬೇಕೆಂಬುದನ್ನು ತೋರಿಸುವ ಕೈದೀವಿಗೆ.

ಆರು ಸಾವಿರ ರೋಗಗಳ ಲಕ್ಷಣವನ್ನು ಯಾವ ವೈದ್ಯರೂ ಕಂಠಪಾಠ ಮಾಡಲಾರರು. ಆದರೆ ತಾಳ್ಮೆಯಿಂದ ಕೇಳುವುದನ್ನು, 'ಇದು ನನಗೆ ತಿಳಿಯದು, ತಿಳಿದವರನ್ನು ವಿಚಾರಿಸೋಣ' ಎನ್ನುವ ವಿನಯವನ್ನು ಎಲ್ಲರೂ ಕಲಿಯಬಹುದು. ಕಷ್ಟವನ್ನುಂಡವರು ತಮ್ಮ ಕಷ್ಟವನ್ನೇ ಪರರ ಬೆಳಕಾಗಿಸಲು ಮುಂದೆ ಬಂದಾಗ, ಅವರೆದುರು ಶಿಷ್ಯರಾಗಿ ಕುಳಿತುಕೊಳ್ಳುವುದು ವಿದ್ಯಾವಂತರಿಗೆ ಭೂಷಣ.