ವಾಕ್ಯ ದೇಹ ತಳೆದ ನಂಬಿಕೆ

ಡಿಸೆಂಬರ್ ಬಂತೆಂದರೆ ಕ್ರೈಸ್ತರ ಮನೆಗಳಲ್ಲೂ ಚರ್ಚ್‌ಗಳಲ್ಲೂ ಗೋದಲಿ ಸಿದ್ಧವಾಗುತ್ತದೆ. ಹುಲ್ಲು, ಕುರಿ, ದನ. ನಡುವೆ ಒಂದು ಹಸುಗೂಸು. ಈ ಚಿತ್ರಕ್ಕೆ ಆಧಾರ ಮತ್ತಾಯ ಮತ್ತು ಲೂಕರ ಸುವಾರ್ತೆಗಳು. ಯೋಹಾನನ ಸುವಾರ್ತೆಯಲ್ಲಿ ಬೆತ್ಲೆಹೇಮಿನ ಹೆರಿಗೆಯ ಕಥೆಯೇ ಇಲ್ಲ. ಸೃಷ್ಟಿಗೂ ಮೊದಲೇ ದೇವರೊಡನಿದ್ದ ‘ವಾಕ್ಯ’ದಿಂದ ಅದು ಆರಂಭವಾಗುತ್ತದೆ. ಆ ವಾಕ್ಯವೇ ಮನುಷ್ಯನಾಗಿ ಜನರ ನಡುವೆ ಬಾಳಿತೆಂದು ಸಾರುತ್ತದೆ.

ಏನಿದು ವಾಕ್ಯ? ಮೂಲದ ಗ್ರೀಕ್ ಪದ ‘ಲೋಗೋಸ್’. ಅದಕ್ಕೆ ಮಾತು, ವಿವೇಕ, ಕಾರಣ ಎಂಬ ಅರ್ಥಗಳುಂಟು. ಸ್ಟೋಯಿಕ್ ತತ್ತ್ವಜ್ಞಾನಿಗಳಿಗೆ ಅದು ಜಗತ್ತನ್ನು ನಡೆಸುವ ವಿವೇಕ. ಯೆಹೂದ್ಯರಿಗೋ ದೇವರ ಮಾತೆಂದರೆ ಬರಿಯ ಶಬ್ದವಲ್ಲ, ನುಡಿದದ್ದನ್ನು ಆಗಿಸುವ ಶಕ್ತಿ. ಇಷ್ಟೆಲ್ಲವನ್ನೂ ಕನ್ನಡ ಬೈಬಲ್‌ನ ‘ವಾಕ್ಯ’ ಹೊರಬೇಕಾಗಿದೆ. ಕರ್ತೃ, ಕರ್ಮ, ಕ್ರಿಯಾಪದಗಳ ವಾಕ್ಯವನ್ನಷ್ಟೇ ಬಲ್ಲವರು ಇಲ್ಲಿ ಒಂದು ಕ್ಷಣ ತಡವರಿಸುವುದು ಸಹಜ.

ದಶಾವತಾರಗಳ ಕಥೆ ಕೇಳಿ ಬೆಳೆದವರಿಗೆ ದೇವರು ಭೂಮಿಗಿಳಿಯುವುದು ಹೊಸ ವಿಚಾರವೇನಲ್ಲ. ಆದರೆ ವ್ಯತ್ಯಾಸವಿದೆ. ವಿಷ್ಣುವಿನ ಅವತಾರಗಳು ಹಲವು. ಕ್ರೈಸ್ತರ ನಂಬಿಕೆಯಂತೆ ಇದು ಒಮ್ಮೆ ಮಾತ್ರ ನಡೆದದ್ದು. ಹಸಿವು, ದಣಿವು, ಕಣ್ಣೀರು, ಸಾವು ಯಾವುದೂ ನಟನೆಯಲ್ಲ. ತಳೆದ ಮಾನವತ್ವವನ್ನು ಮತ್ತೆ ಕಳಚಿದ್ದೂ ಇಲ್ಲ.

ಹಾಗಾದರೆ ಯೇಸು ದೇವರೋ, ಮನುಷ್ಯನೋ? ಈ ಪ್ರಶ್ನೆ ನಾಲ್ಕನೆಯ ಶತಮಾನದಲ್ಲಿ ರೋಮ್ ಸಾಮ್ರಾಜ್ಯವನ್ನೇ ಕಲಕಿತು. ವಾಕ್ಯವೂ ದೇವರು ಸೃಷ್ಟಿಸಿದ್ದೇ ಎಂದು ಅಲೆಕ್ಸಾಂಡ್ರಿಯದ ಪಾದ್ರಿ ಏರಿಯಸ್ ವಾದಿಸಿದ. ಚಕ್ರವರ್ತಿ ಕಾನ್‌ಸ್ಟಂಟೈನ್ 325ರಲ್ಲಿ ಇಂದಿನ ಟರ್ಕಿಯಲ್ಲಿರುವ ನೈಸಿಯಾದಲ್ಲಿ ಬಿಷಪ್ಪರ ಸಭೆ ಕರೆದ. ಮಗನೂ ತಂದೆಯೂ ‘ಒಂದೇ ಸತ್ತ್ವ’ ಎಂದು ಸಭೆ ತೀರ್ಮಾನಿಸಿತು. ಜಗಳ ಅಲ್ಲಿಗೇ ಮುಗಿಯಲಿಲ್ಲ. ‘ಸದೃಶ ಸತ್ತ್ವ’ ಎನ್ನೋಣವೆಂದು ಕೆಲವರು ಮುಂದೆ ಪಟ್ಟು ಹಿಡಿದರು. ಗ್ರೀಕ್‌ನಲ್ಲಿ ‘ಹೋಮೂಸಿಯೋಸ್’, ‘ಹೋಮೊಯಿಯೂಸಿಯೋಸ್’ ಎಂಬ ಈ ಎರಡು ಪದಗಳ ನಡುವಿನ ಅಂತರ ‘ಅಯೋಟ’ ಎಂಬ ಒಂದೇ ಅಕ್ಷರ!

ಒಂದಕ್ಷರಕ್ಕಾಗಿ ಇಷ್ಟೇಕೆ ಹೋರಾಟ? ಮುಳುಗುತ್ತಿರುವವನನ್ನು ಜೊತೆಯಲ್ಲೇ ಮುಳುಗುತ್ತಿರುವವನು ಎತ್ತಲಾರ. ಬಂದವನು ಸ್ವತಃ ಸೃಷ್ಟಿಯ ಭಾಗವಾದರೆ ಮನುಷ್ಯರನ್ನು ದೇವರೊಡನೆ ಸೇರಿಸುವುದು ಹೇಗೆ? ಇದು ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್‌ನ ವಾದದ ತಿರುಳು. ಅದಕ್ಕಾಗಿ ಆತ ತೆತ್ತ ಬೆಲೆ ಸಣ್ಣದಲ್ಲ. 5 ಬಾರಿ ಗಡೀಪಾರಾಗಿ, ಸುಮಾರು 17 ವರ್ಷ ತನ್ನ ಪೀಠದಿಂದ ದೂರವಿರಬೇಕಾಯಿತು.

ಮುಂದೆ 451ರ ಚಾಲ್ಸೆಡನ್ ಸಭೆ, ಯೇಸು ಪೂರ್ಣ ದೇವರು, ಪೂರ್ಣ ಮನುಷ್ಯ. ಸ್ವಭಾವ ಎರಡು, ವ್ಯಕ್ತಿ ಒಬ್ಬನೇ ಎಂದಿತು. ‘ಎರಡು ಸ್ವಭಾವ’ ಎಂಬ ಮಾತನ್ನು ಈಜಿಪ್ಟಿನ ಕಾಪ್ಟಿಕ್, ಆರ್ಮೇನಿಯನ್ ಮುಂತಾದ ಸಭೆಗಳು ಒಪ್ಪಲಿಲ್ಲ. ಕೇರಳದ ಮಲಂಕರ ಆರ್ಥೊಡಾಕ್ಸ್ ಸಭೆಯೂ ಇಂದು ಈ ಬಳಗಕ್ಕೇ ಸೇರಿದೆ.

ಹದಿನೈದು ಶತಮಾನಗಳ ಬಳಿಕ, 1973ರಲ್ಲಿ, ಪೋಪ್ ಆರನೆಯ ಪೌಲ್ ಮತ್ತು ಕಾಪ್ಟಿಕ್ ಪೋಪ್ ಮೂರನೆಯ ಶೆನೂಡ ಜಂಟಿ ಘೋಷಣೆಗೆ ಸಹಿ ಹಾಕಿದರು. ಕ್ರಿಸ್ತನು ಪರಿಪೂರ್ಣ ದೇವರೂ ಹೌದು, ಪರಿಪೂರ್ಣ ಮನುಷ್ಯನೂ ಹೌದು ಎಂಬುದರಲ್ಲಿ ಇಬ್ಬರಿಗೂ ಭಿನ್ನಮತವಿರಲಿಲ್ಲ. ಒಡಕಿಗೆ ನಂಬಿಕೆಯಷ್ಟೇ ಅಲ್ಲ, ಪದಗಳೂ ಕಾರಣವಾಗಿದ್ದವು. ಸಭೆಗಳು ಮಾತ್ರ ಇನ್ನೂ ಒಂದಾಗಿಲ್ಲ.

ಇಸ್ರೇಲಿನ ನಜರೇತ್‌ನಲ್ಲಿ, ಮರಿಯಳಿಗೆ ದೇವದೂತ ಸುದ್ದಿ ತಂದನೆಂದು ನಂಬುವ ಗುಹೆಯಿದೆ. ಅಲ್ಲಿನ ಪೂಜಾಪೀಠದ ಮೇಲೆ ಯೋಹಾನನ ಮಾತನ್ನು ಲ್ಯಾಟಿನ್‌ನಲ್ಲಿ ಕೆತ್ತಿ, ನಡುವೆ ಒಂದೇ ಪದ ಸೇರಿಸಿದ್ದಾರೆ: ‘ಇಲ್ಲಿ’. ಶತಮಾನಗಳ ತರ್ಕವೆಲ್ಲ ಹುಟ್ಟಿದ್ದು ಈ ಸಣ್ಣ ಪದದಿಂದಲೇ. ಎಲ್ಲೆಲ್ಲೂ ಇರುವ ದೇವರು ಒಂದು ಊರಿನಲ್ಲಿ, ಒಬ್ಬ ತಾಯಿಯ ಮಗನಾಗಿ ಬಾಳಿದನೆಂಬುದೇ ಕ್ರೈಸ್ತರ ನಂಬಿಕೆಯ ತಿರುಳು.